ಹೂಗುಚ್ಛದೊಳಗಿನ ಹುಳ

ಮಾರ್ಚ್ ೧೪, ಭಾನುವಾರ

ಮುದ್ದು ಮಗಳೇ,

ಚೆನ್ನಾಗಿದ್ದೀಯಾ? ಅಳಿಯಂದಿರು ಹೇಗಿದ್ದಾರೆ? ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. "ಮದುವೆ ಫೋಟೋ ಯಾವಾಗ ಕಳಿಸ್ತೀಯಮ್ಮಾ, ಅತ್ತೆ ದಿನಾ ಕೇಳ್ತಾರೆ" ಅಂತ ಬರೆದಿದ್ದೀಯ. ಏನಂತ ಕಳಿಸಲಿ ಹೇಳು! ನಿಮ್ಮಪ್ಪ ತೆಗೆದಿರೋದು ನಾನೂರ ಹನ್ನೆರಡು ಫೋಟೋ. ಅದರಲ್ಲಿ ನೀನಿರೋದು ಆರು. ಅದರಲ್ಲೂ ಒಂದರಲ್ಲಿ ಬರೀ ನಿನ್ನ ಹೆಬ್ಬೆರಳು.

ಉಳಿದದ್ದೆಲ್ಲ ಹುಳ!

ತಪ್ಪು ನನ್ನದೂ ಇದೆ ಬಿಡು. "ಹೊರಗಿನ ಫೋಟೋದವರು ಯಾಕೆ, ನಾನಿಲ್ವಾ?" ಅಂದಾಗ ತಲೆಯಾಡಿಸಿದೆ. ಮೂವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ವಾಚ್ ರಿಪೇರಿ ಮಾಡಿದ ಮನುಷ್ಯನಿಗೆ ಸಾಸಿವೆಗಿಂತ ದೊಡ್ಡದು ಕಾಣುತ್ತಾ? ಯಾರದೋ ವಾಚಿನೊಳಗೆ ಸಿಕ್ಕ ಇರುವೆಯನ್ನ ಭೂತಗನ್ನಡಿಯಲ್ಲಿ ನೋಡಿದ್ದೇ ನೋಡಿದ್ದು, ಹುಚ್ಚು ಹಿಡೀತು. ಚಿಕ್ಕದ್ದನ್ನ ಹತ್ತಿರದಿಂದ ದೊಡ್ಡದಾಗಿ ತೆಗೆಯೋ ಮ್ಯಾಕ್ರೋ ಲೆನ್ಸ್ ಬಂತು. ಮದುವೆ ದಿನ ನೋಂದಣಿ ಕಚೇರಿಗೆ ಅದೊಂದನ್ನೇ ತಂದಿದ್ದರು, ಮಹಾನುಭಾವರು! ಆ ಇಕ್ಕಟ್ಟು ರೂಮಲ್ಲಿ ಅದಕ್ಕೆ ಹಿಡಿಸಿದ್ದು ಒಂದು ಮೂಗು, ಅರ್ಧ ಕಿವಿ.

ನೀನು ಸಹಿ ಹಾಕೋ ಹೊತ್ತಿಗೆ ಮೇಜಿನ ಮೇಲಿದ್ದ ಹೂಗುಚ್ಛದೊಳಗಿಂದ ಅಕ್ಕಿಕಾಳಿನಷ್ಟು ಹುಳ ಹೊರಗೆ ಬಂತು. ಮುಗೀತು ಕಥೆ! ಅಲ್ಲೇ ಮಂಡಿಯೂರಿ, ಉಸಿರು ಬಿಗಿಹಿಡಿದು ಕೂತುಬಿಟ್ಟರು. ರಿಜಿಸ್ಟ್ರಾರು "ಯಾರ್ರೀ ಇವರು, ಏಳಿಸ್ರೀ" ಅಂದರು. ಹೆಣ್ಣಿನ ತಂದೆ ಅನ್ನೋಕೆ ನನಗೆ ಬಾಯೇ ಬರಲಿಲ್ಲ.

ನಿನ್ನೆ ಜಗಳ ಆಯ್ತು. "ಒಂದ್ಸಲ ನೋಡೇ, ಆಮೇಲೆ ಬೈಕೋ" ಅಂತ ಕಂಪ್ಯೂಟರ್ ಮುಂದೆ ಕೂರಿಸಿದರು. ನೋಡಿದೆ. ಹಾಳಾದ್ದು, ಎಷ್ಟು ಚೆಂದ ಇದೆ ಗೊತ್ತಾ! ಬೆನ್ನು ಬರೀ ಕಪ್ಪು ಅಂದ್ಕೊಂಡಿದ್ದೆ. ಹಸಿರು, ನೀಲಿ, ಅಂಚಿಗೆ ತಾಮ್ರದ ಬಣ್ಣ. ಮುಂಗಾಲಲ್ಲಿ ಮೀಸೆ ಒರೆಸ್ಕೊಳ್ತಿದೆ, ಮೀಸೆಯ ತುದೀಲಿ ಒಂದೇ ಒಂದು ಪರಾಗದ ಕಣ. ಕನ್ನಡಕ ಸರಿಮಾಡ್ಕೊಂಡು, ಮುಂದೆ ಬಾಗಿ ಇನ್ನೊಂದ್ಸಲ ನೋಡಿದೆ. ಅದನ್ನ ನೋಡಿ ನಿಮ್ಮಪ್ಪ ಗೆದ್ದವರ ಹಾಗೆ ನಕ್ಕರು ನೋಡು, ಮೈಯೆಲ್ಲ ಉರಿದುಹೋಯ್ತು.

"ಮಗಳ ಮುಖ ಎಲ್ರೀ?" ಅಂದೆ. ಲೆನ್ಸ್ ತೆಗೆದು ಒರೆಸೋಕೆ ಶುರುಮಾಡಿದರು. ಆಮೇಲೆ, "ಅವಳ ಕಡೆ ಕ್ಯಾಮೆರಾ ತಿರುಗಿಸಿದಾಗೆಲ್ಲ ಕಣ್ಣು ಮಂಜಾಗ್ತಿತ್ತು ಕಣೇ. ಹುಳ ಆದ್ರೆ ನಿಚ್ಚಳವಾಗಿ ಕಾಣ್ತಿತ್ತು" ಅಂದರು. ಇದಕ್ಕೆ ಏನಂತ ಬೈಯೋದು, ನೀನೇ ಹೇಳು. ಆರೂ ಫೋಟೋ ಇದರ ಜೊತೆ ಇಟ್ಟಿದ್ದೀನಿ, ಹುಳದ್ದೂ ಒಂದು. ನಿಮ್ಮತ್ತೆಗೆ ತೋರಿಸು, ಎಂಥವರ ಜೊತೆ ಬೀಗತನ ಮಾಡಿದ್ದೀವಿ ಅಂತ ತಿಳೀಲಿ. ಅಪ್ಪನ ಮೇಲೆ ಮುನಿಸ್ಕೊಂಡು ಕೂರಬೇಡ, ಒಂದು ಫೋನ್ ಮಾಡು.

ನೀನೂ ಅಳಿಯಂದಿರೂ ನಮ್ಮ ಹಾಗೇ ಜಗಳ ಆಡ್ಕೊಂಡು, ನಗ್ತಾ, ನೂರುಕಾಲ ಬಾಳಿ.

ನಿನ್ನ
ಅಮ್ಮ

ತಾ.ಕ.: ಸಹಿ ಆದ ಮೇಲೆ ನೀನು ನನ್ನ ಭುಜಕ್ಕೆ ತಲೆಯಾನಿಸಿ ನಿಂತಿದ್ದೆಯಲ್ಲ, ಆಗ ಮೂರು ಸಲ ಕರೆದೆ: "ರೀ, ನಮ್ಮಿಬ್ಬರದೊಂದು ತೆಗೀರಿ." ನಿಮ್ಮಪ್ಪ ತಲೆಯೆತ್ತದೆ, "ಇರೇ, ಹುಳ ಹಾರಿಹೋಗುತ್ತೆ. ನೀವಿಬ್ಬರು ಎಲ್ಲಿಗೆ ಹೋಗ್ತೀರಾ?" ಅಂದರು. ಎರಡು ಗಂಟೆ ಬಸ್ಸಿಗೆ ನೀನು ಹೊರಟೆ.