ಮೊಮ್ಮಗಳು ಪಕ್ಕದ ಮನೆಯಲ್ಲಿ

ಮಾರ್ಚ್ 4, ಮಂಗಳವಾರ

ಇವತ್ತೂ ಅಕ್ಕ ಹೇಳಿದಳು, ನಾನು ಟೈಪ್ ಮಾಡಿದೆ. ಊಟದ ಮೇಜಿನ ಈ ತುದಿಗೆ ಲ್ಯಾಪ್‌ಟಾಪ್, ಆ ತುದಿಗೆ ಅವಳ ಹೊಲಿಗೆ ಮೆಷಿನ್, ಹೊಟ್ಟೆ ಬಿಚ್ಚಿಕೊಂಡು. ಒಂದೊಂದು ಭಾಗವನ್ನೂ ಮುಟ್ಟಿ ಮುಟ್ಟಿ ಹೇಳುತ್ತಾಳೆ. ಕಳೆದ ಆರು ವರ್ಷದಲ್ಲಿ ಅವಳ ಕಣ್ಣು ಪೂರ್ತಿ ಹೋಯಿತು. ಬೆಳಕು, ಕತ್ತಲೆ — ಅಷ್ಟೇ ತಿಳಿಯುವುದು. ಬೆರಳು ಮಾತ್ರ ಇನ್ನೂ ನೌಕರಿಯಲ್ಲಿದೆ.

ಮೆಷಿನ್ ರಿಪೇರಿಯ ಈ ಪುಸ್ತಿಕೆಗೆ ಅವಳೇ ಇಟ್ಟ ಹೆಸರು, 'ಮೆಷಿನ್ ಮುನಿಸಿಕೊಂಡರೆ'. 1, ನೂಲು ಕಡಿಯುತ್ತದೆ. 1.1, ಮೇಲಿನ ನೂಲು. 1.1.1, ಸೂಜಿ ಹಿಂದುಮುಂದಾಗಿ ಹಾಕಿದೆಯೇ ನೋಡಿ. ಹೀಗೆ.

ಹೊಲಿಗೆ ಶಾಲೆಯ ಪ್ರಿನ್ಸಿಪಾಲ್ ಮೇಡಂ 21ಕ್ಕೆ ಒಂದು ಪಾಠ ಮಾಡಿ ತೋರಿಸಿ ಎಂದಿದ್ದಾರೆ. ಸರಿ ಬಂದರೆ ಕಣ್ಣು ಹೋದಾಗ ಅಕ್ಕ ಬಿಟ್ಟ ಟೀಚರ್ ಕೆಲಸ ಮತ್ತೆ ಸಿಗುತ್ತದೆ. ಹುಡುಗಿಯರ ಕೈಯಲ್ಲಿ ಪ್ರಿಂಟು. ಅಕ್ಕನ ಕಿವಿಯಲ್ಲಿ, ಲ್ಯಾಪ್‌ಟಾಪು ಓದಿ ಹೇಳುವ ದನಿ. ಅವರು ಯಾವ ಸಾಲಿನಲ್ಲಿದ್ದಾರೋ ಅಕ್ಕನೂ ಅದೇ ಸಾಲಿನಲ್ಲಿರಬೇಕು.

ನಡುವೆ ಒಂದು ಸಾಲು ಸೇರಿಸು ಎಂದಳು. ಸೇರಿಸಿದೆ. ಅಷ್ಟಕ್ಕೇ 3.2.1 ಇದ್ದದ್ದು 4.1.1 ಆಗಿ ಕೂತಿತು.

"ಸೂಜಿ ಮುರಿಯೋದು ಬೆಲ್ಟಿನ ಕೆಳಗೆ ಹೋಯ್ತು ಅಕ್ಕ."

"ಹಾಗಂದ್ರೆ?"

"ಒಂದು ಅಜ್ಜಿ, ಅದರೊಳಗಿನ ಒಂದು ಮಗಳು, ಅದರೊಳಗಿಂದು ಮೊಮ್ಮಗಳು ಅಂದ್ಕೋ. ಮೊಮ್ಮಗಳು ಪಕ್ಕದ ಮನೆ ಅಜ್ಜಿ ಮಡಿಲಲ್ಲಿ ಕೂತಿದಾಳೆ."

"ಕಿವಿ ಹಿಂಡಿ ಎಳ್ಕೊಂಡು ಬಾ."

ಎಳೆದೆ. ಅವಳ ಜೊತೆಗೆ ಆ ಮನೆಯ ನಾಲ್ಕು ಮಕ್ಕಳೂ ಬಂದವು.

ಮಾರ್ಚ್ 6, ಗುರುವಾರ

ಲೈಬ್ರರಿ ಕೆಲಸದಿಂದ ಬಂದವಳೇ ಮತ್ತೆ ಕೂತೆ. ಟ್ಯಾಬ್ ಒತ್ತಿದರೆ ಮಗಳು ಮೊಮ್ಮಗಳಾಗುತ್ತಾಳೆ, ಇನ್ನೊಮ್ಮೆ ಒತ್ತಿದರೆ ಮರಿಮೊಮ್ಮಗಳು. ಹಿಂದಕ್ಕೆ ತಂದರೆ ನಂಬರು ಬೇರೆ. ಒಂದು ಕಡೆ 4 ಆದ ಮೇಲೆ ಮತ್ತೆ 4. ಅವಳಿ ಅಜ್ಜಿಯರು!

ರೋಸಿಹೋಗಿ ನಂಬರನ್ನೆಲ್ಲ ಅಳಿಸಿಬಿಟ್ಟೆ. ಸ್ಪೇಸ್ ಒತ್ತಿ ಒತ್ತಿ ಸಾಲುಗಳನ್ನು ಒಳಕ್ಕೆ ಸರಿಸಿದೆ. ದೊಡ್ಡದು ಅಂಚಿನಲ್ಲಿ, ಅದರದು ಸ್ವಲ್ಪ ಒಳಗೆ, ಅದರದರದು ಇನ್ನೂ ಒಳಗೆ. ಎಷ್ಟು ಚೆಂದ ಕಂಡಿತು! ಕವಿತೆಯಲ್ಲೂ ಹೀಗೇ ಅಲ್ಲವೇ, ಬಿಟ್ಟ ಜಾಗವೇ ಅರ್ಧ ಹೇಳಿಬಿಡುತ್ತದೆ...

ನಮ್ಮನೆಯವರು ಹಿಂದಿನಿಂದ ಬಗ್ಗಿ ನೋಡಿದರು. "ಏನಿದು, ಕವಿತೆ ಬರೀತಿದೀಯಾ?"

"ಹೊಲಿಗೆ ಬಿಟ್ಟುಹೋಗೋದರ ಬಗ್ಗೆ."

"ಮತ್ತೆ? ಕವಿತೇನೇ."

ನಗು ಬಂತು. ನೆಮ್ಮದಿಯಿಂದ ಮಲಗುತ್ತೇನೆ.

ಮಾರ್ಚ್ 9, ಭಾನುವಾರ

ಅಕ್ಕ ಇಯರ್‌ಫೋನ್ ಹಾಕಿಕೊಂಡು ಕೇಳಿದಳು. ಮುಖ ಸಣ್ಣಗಾಗುತ್ತ ಬಂತು.

"ಎಲ್ಲಾ ಒಂದೇ ಉಸಿರಿಗೆ ಹೇಳ್ತಿದೆಯಲ್ಲೇ ಪುಟ್ಟಿ. ನೂಲು ಕಡಿಯುತ್ತದೆ ಮೇಲಿನ ನೂಲು ಸೂಜಿ ಕೆಳಗಿನ ನೂಲು ಬಾಬಿನ್... ಇದರಲ್ಲಿ ಯಾರು ಯಾರ ಮಗಳು?"

"ಜಾಗ ಬಿಟ್ಟಿದೀನಲ್ಲ ಅಕ್ಕ. ಕಾಣುತ್ತೆ."

"ಯಾರಿಗೆ?"

ಬಿಳಿಯ ಜಾಗವನ್ನು ಯಾವ ದನಿಯೂ ಓದಿ ಹೇಳುವುದಿಲ್ಲ. ಇಷ್ಟು ವರ್ಷ ಪುಟಗಳನ್ನೇ ನೋಡಿಕೊಂಡು ಬಂದವಳಿಗೆ ಇದು ಹೊಳೆಯಲಿಲ್ಲ. ಸರಿಮಾಡಲು ಹೋಗಿ ಇನ್ನೂ ಕೆಡಿಸಿದೆ — "ಪಾಠಕ್ಕೆ ನಾನೂ ಬರ್ತೀನಿ ಬಿಡು. ಪಕ್ಕದಲ್ಲಿ ಕೂತು, ಅವರು ಎಲ್ಲಿದಾರೆ ಅಂತ ಹೇಳ್ತಾ ಹೋಗ್ತೀನಿ."

"ಹಾಗಿದ್ರೆ ಕೆಲಸಾನೂ ನಿನಗೇ ಕೊಡ್ಲಿ."

ಮೆಷಿನ್ನಿನ ಮುಚ್ಚಳ ಹಾಕಿ, ಗೋಡೆ ಸವರಿಕೊಂಡು ಒಳಗೆ ಹೋದಳು.

ಮಾರ್ಚ್ 15, ಶನಿವಾರ

ಬರೆಯಲು ಮನಸ್ಸಿರಲಿಲ್ಲ. ಅಕ್ಕ ಒಂದು ಸಾಲೂ ಹೇಳಿರಲಿಲ್ಲ. ಉಪ್ಪು ಕೊಡು, ಫ್ಯಾನ್ ಹಾಕು — ಮಾತು ಅಷ್ಟಕ್ಕೇ.

ನಾನು ಸುಮ್ಮನೆ ಕೂರಲಿಲ್ಲ. ಬಿದ್ದು ಎದ್ದು ದಾರಿ ಸಿಕ್ಕಿತು. ನಂಬರಿನ ಬಟನ್ನನ್ನು ಮುಟ್ಟಲೇಬಾರದು. ಮೊದಲು ಪ್ರತಿ ಸಾಲಿಗೂ ಅದರ ಹಂತ ಕೊಡಬೇಕು: ಶೀರ್ಷಿಕೆ ಒಂದು, ಎರಡು, ಮೂರು. ಆಮೇಲೆ ನಂಬರನ್ನು ಆ ಶೀರ್ಷಿಕೆಗೇ ಕಟ್ಟಿಬಿಡಬೇಕು. ತಾನು ಯಾರ ಮಗಳೆಂದು ಸಾಲಿಗೇ ಗೊತ್ತಿದ್ದರೆ, ನಡುವೆ ಯಾರು ಬಂದು ಕೂತರೂ ಅದು ಮನೆ ತಪ್ಪುವುದಿಲ್ಲ. ಹಳೆಯ ಸಾಲುಗಳನ್ನು ನೇರ ತರಬಾರದು. ನೋಟ್‌ಪ್ಯಾಡಿನಲ್ಲಿ ಒಮ್ಮೆ ಇಳಿಸಿ, ಹಳೆಯ ಗಂಟುಮೂಟೆಯೆಲ್ಲ ಅಲ್ಲೇ ಬಿಡಿಸಿ, ಬರಿಗೈಯಲ್ಲಿ ಕರೆತರಬೇಕು.

ಪುಟ ಈಗ ನೋಡಲು ಚೆನ್ನಾಗಿಲ್ಲ. ಎಲ್ಲ ದಪ್ಪ ದಪ್ಪ, ನೀಲಿ. ಇಯರ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿದೆ. "ಶೀರ್ಷಿಕೆ ಹಂತ ಎರಡು, 1.2, ಕೆಳಗಿನ ನೂಲು." ಹಂತವನ್ನು ಹೇಳಿದ ಮೇಲೆ ಸಣ್ಣ ತಡೆ. ಕವಿತೆಯ ಜಾಗ ಅಲ್ಲಿಗೆ ಬಂದು ಕೂತಿತ್ತು.

ಲ್ಯಾಪ್‌ಟಾಪನ್ನು ಅಕ್ಕನ ಮುಂದಿಟ್ಟೆ. ಒಂದು ಕೀ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತದೆ. ಹಾರಿದಳು. ಹಿಂದಕ್ಕೆ ಬಂದಳು. ಮತ್ತೆ ಹಾರಿದಳು.

"3.2.1... ಹಾಂ. ಸಿಕ್ಕಿದಳು ಕಳ್ಳಿ."

ಇನ್ನೊಂದು ಸಲ ಕೀ ಒತ್ತಿದಳು.

"3.3ರಲ್ಲಿ ಏನೋ ಕಾಗುಣಿತ ತಪ್ಪಿದೆ ನೋಡು. ದನಿ ತೊದಲ್ತಿದೆ. ಎಂ.ಎ. ಓದಿದೋಳು ಅಂತೀಯ."

ಮಾರ್ಚ್ 21, ಶುಕ್ರವಾರ

ಕೊನೆಯ ಬೆಂಚಿನಲ್ಲಿ ಕೂತೆ. ಅಷ್ಟು ದೂರ ಕೂರುವುದಾದರೆ ಬಾ ಎಂದಿದ್ದಳು ಅಕ್ಕ. ಕೋಣೆಯಲ್ಲಿ ಎಣ್ಣೆಯ ವಾಸನೆ, ಸೀಮೆಸುಣ್ಣದ ವಾಸನೆ. ಪ್ರಿನ್ಸಿಪಾಲ್ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಬೇಕೆಂದೇ ಒಂದು ಮೆಷಿನ್ ಕೆಡಿಸಿಟ್ಟಿದ್ದರು.

"ಟೀಚರ್, ತುಳಿಯೋಕೇ ಆಗ್ತಿಲ್ಲ. ಕಲ್ಲಾಗಿದೆ," ಎಂದಳು ಎತ್ತರದ ಹುಡುಗಿ.

"ಹಾಗಿದ್ರೆ ಎಲ್ಲಿಗೆ ಹೋಗ್ಬೇಕು?"

"5. ಮೆಷಿನ್ ಭಾರ. 5.1, ಎಣ್ಣೆ ಹಾಕಿದೆ. 5.1.2 ತನಕ ಎಲ್ಲಾ ಮಾಡ್ದೆ. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ."

ಅಕ್ಕನ ಬೆರಳು ಕೀಗಳ ಮೇಲೆ ಟಕ್ ಟಕ್ ಎಂದಿತು. ಗೊತ್ತಾಗದಿದ್ದರೆ ಅವಳು ಮುಖವನ್ನು ನನ್ನ ದನಿ ಬರುವ ಕಡೆಗೆ ತಿರುಗಿಸುತ್ತಾಳೆ, ಮನೆಯಲ್ಲಿ ಯಾವಾಗಲೂ.

"ಅಲ್ಲಿಂದ ಹೊರಗೆ ಬಾ. 5.2. ಕೆಳಗೆ ಕೈ ಹಾಕಿ ನೋಡು, ಬಾಬಿನ್ ಕೂರೋ ಜಾಗ. ಏನ್ ಸಿಕ್ತು?"

"ಅಯ್ಯೋ... ನೂಲಿನ ಉಂಡೆ ಟೀಚರ್! ಇಲಿಮರಿ ಥರ ಇದೆ!"

ಕೋಣೆಯೆಲ್ಲ ನಕ್ಕಿತು. ಒಂದು ಗಂಟೆಯ ಪಾಠ. ಅಕ್ಕ ಒಮ್ಮೆಯೂ ನನ್ನ ಕಡೆ ಮುಖ ತಿರುಗಿಸಲಿಲ್ಲ.

ಪ್ರಿನ್ಸಿಪಾಲ್ ಕೇಳಿದರು, "ಸೋಮವಾರದಿಂದ ಬರ್ತೀರಲ್ಲ? ತಂಗೀನೂ ಜೊತೆಗೆ ಬರ್ತಾರಾ?"

"ನಾನು ಬರ್ತೀನಿ. ಅವಳಿಗೆ ಅವಳದೇ ಕೆಲಸ ಇದೆ ಮೇಡಂ."

ಇಂಥ ಮಾತಿಗೆ ಇಷ್ಟು ಖುಷಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ 24, ಸೋಮವಾರ, ಬೆಳಿಗ್ಗೆ ಹನ್ನೊಂದು

ಇವತ್ತು ರಜೆ ಹಾಕಿದ್ದೇನೆ, ಸುಮ್ಮನೆ. ಅಕ್ಕ ಒಬ್ಬಳೇ ಹೋದಳು. ಮೇಜಿನ ಆ ತುದಿ ಖಾಲಿ. ಇಡೀ ಮೇಜು ನನ್ನದೇ ಎನ್ನುವುದು ವಿಚಿತ್ರ. ಕವಿತೆಯ ಪುಸ್ತಕ ತೆರೆದು ಒಂದು ಪುಟ ಜೋರಾಗಿ ಓದಿದೆ, ತಡೆಯಬೇಕಾದ ಕಡೆಯಲ್ಲೆಲ್ಲ ತಡೆದು. ಕೇಳಲು ಯಾರೂ ಇರಲಿಲ್ಲ. ಹಿತವಾಗಿತ್ತು.

ಫೋನ್. ಅಕ್ಕನದೇ. ಹಿಂದೆ ಹುಡುಗಿಯರ ಗಲಾಟೆ.

"ಫೈಲ್ ತೆಗಿ ಪುಟ್ಟಿ, ಬೇಗ. ಪುಸ್ತಕದಲ್ಲಿ ಇಲ್ಲದ ಒಂದು ತೊಂದರೆ ಹುಡುಕಿಟ್ಟಿದಾರೆ ಇವರು. ಹೊಸ ಅಜ್ಜಿ. ಬರ್ಕೋ — 6, ಅದರ ಕೆಳಗೆ..."

ಡೈರಿ ಇಲ್ಲಿಗೇ ಬಿಟ್ಟು ಫೈಲ್ ತೆಗೆಯುತ್ತೇನೆ.