ಮುಲಾಜಿನ ಗಾಳಿ

ಬುಧವಾರ, ಸಂಜೆ

ಗುಬ್ಬಿ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿದೊಡನೆ ಮುಖ ಸಿಂಡರಿಸಿರುತ್ತೀಯ. ಸಿಂಡರಿಸಿಕೋ, ಆದರೆ ಹರಿದು ಹಾಕಬೇಡ. ಫೋನಿನಲ್ಲಿ ನನ್ನ ನಂಬರಿಗೆ ನೀನು ಬೀಗ ಜಡಿದಿರುವುದರಿಂದ ನಮ್ಮ ಕಚೇರಿಯ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಅಲ್ಲ ಎಂದು ಒತ್ತಿ ಹೇಳಿದ್ದೇನೆ.

ವಿಷಯ ಇಷ್ಟು: ನಾಳೆ ನೀನು ಆ ಹೊಸ ವಿಮಾನ ಹಾರಿಸಬಾರದು.

ಅಕ್ಕನ ಹಳೇ ರಾಗ ಎನ್ನುತ್ತೀಯ, ಗೊತ್ತು. ನೀನು ಮೊದಲ ಸಲ ಹಾರಲು ಹೊರಟಾಗಲೂ ಬೇಡ ಎಂದವಳು ನಾನು, ಅಮ್ಮನ ಕೈಲೂ ಬೇಡ ಅನ್ನಿಸಿದವಳು ನಾನು. ಏಣಿ ಹತ್ತಿದ್ರೆ ಕಾಲು ನಡುಗೋಳಿಗೆ ನನ್ನ ಉಸಾಬರಿ ಯಾಕೆ ಎಂದು ಎಲ್ಲರೆದುರು ಅಂದೆಯಲ್ಲ, ಅದೂ ನಿಜವೇ. ಆದರೆ ಇದು ನನ್ನ ಪುಕ್ಕಲುತನವಲ್ಲ, ನನ್ನ ಕೆಲಸ.

ಆ ವಿಮಾನದ ರೆಕ್ಕೆಯನ್ನು ನಮ್ಮ ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸಿದವಳು ನಾನೇ. ದೊಡ್ಡ ಫ್ಯಾನು ಎಳೆಯುವ ಗಾಳಿ ಸುಳಿ ತುಂಬಿಕೊಂಡು ಬರುತ್ತದೆ. ಅದನ್ನು ಸಮಾಧಾನ ಮಾಡಲೆಂದೇ ರೆಕ್ಕೆಯ ಮುಂದೆ ಸಣ್ಣ ಕಣ್ಣಿನ ತಂತಿ ಜಾಲರಿಗಳಿವೆ. ಆ ಪರೀಕ್ಷೆಯ ಹೊತ್ತಿಗೆ ಒಳಗಿನ ಜಾಲರಿಯೊಂದು ಚೌಕಟ್ಟಿನಿಂದ ಕಿತ್ತುಬಂದು ಮಡಚಿಕೊಂಡಿತ್ತು, ಹೊರಗಿನಿಂದ ಕಾಣುವಂತಿರಲಿಲ್ಲ. ಕದಡಿದ ಗಾಳಿಯೆಂದರೆ ಕಠಿಣ ಪರೀಕ್ಷೆ, ಒಳ್ಳೆಯದೇ ಆಯಿತಲ್ಲ ಎನ್ನಬೇಡ. ಈ ರೆಕ್ಕೆಗೆ ಅದು ಉಲ್ಟಾ. ಕದಡಿದ ಗಾಳಿ ಅದಕ್ಕೆ ಅಂಟಿಕೊಂಡೇ ಇರುತ್ತದೆ, ಬೇಗ ಕೈಬಿಡುವುದಿಲ್ಲ. ಮೂತಿಯನ್ನು ಹದಿನೈದು ಡಿಗ್ರಿ ಎತ್ತಿದರೂ ವಿಮಾನ ತೇಲುತ್ತದೆ ಎಂದು ನಾವು ಬರೆದುಕೊಟ್ಟದ್ದು ಆ ಮುಲಾಜಿನ ಗಾಳಿಯನ್ನು ನಂಬಿ.

ಹೊಸ ಜಾಲರಿ ಹಾಕಿ ಮತ್ತೆ ನೋಡಿದೆ. ರೆಕ್ಕೆಯ ಮೇಲೆ ಅಂಟಿಸಿದ ಉಣ್ಣೆ ಎಳೆಗಳು ಹನ್ನೊಂದು ಡಿಗ್ರಿಯವರೆಗೂ ಹಿಂದಕ್ಕೆ ಬಾಚಿದಂತೆ ಮಲಗಿದ್ದವು. ಹನ್ನೆರಡಕ್ಕೆ ಒಂದೇ ಏಟಿಗೆ ಎದ್ದು ದಿಕ್ಕೆಟ್ಟು ಒದ್ದಾಡಿದವು. ಗಾಳಿ ರೆಕ್ಕೆಯನ್ನು ಕೈಬಿಟ್ಟಿತ್ತು. ಮತ್ತೆ ಮತ್ತೆ ಮಾಡಿದೆ, ಅದೇ ಹನ್ನೆರಡು. ನಾಳೆ ವಿಮಾನ ಕೊಳ್ಳಲು ಬರುವ ಅತಿಥಿಗಳ ಎದುರು ನೀನು ತೀರಾ ತಗ್ಗಿನಲ್ಲಿ, ನಿಧಾನವಾಗಿ, ಮೂತಿಯನ್ನು ಹದಿನಾಲ್ಕಕ್ಕೆ ಎತ್ತಿಕೊಂಡು ಹೋಗಬೇಕೆಂದು ಗೊತ್ತುಮಾಡಿದ್ದಾರೆ. ಅಲ್ಲಿ ರೆಕ್ಕೆ ಕೈಕೊಟ್ಟರೆ ಸಾವರಿಸಿಕೊಳ್ಳಲು ನಿನಗೆ ಎತ್ತರವೇ ಇರುವುದಿಲ್ಲ.

ಕಚೇರಿಯ ಪತ್ರವನ್ನೂ ಕಳಿಸಿಯಾಗಿದೆ. ಆದರೆ ಅದು ವಿಮಾನ ಕಟ್ಟಿದವರ ಹೆಸರಿಗೆ ಹೋಗುತ್ತದೆ, ಹಾರಿಸುವವರ ಹೆಸರಿಗಲ್ಲ. ಕಟ್ಟಿದವರು ನಿನ್ನವರೇ. ವರ್ಷಗಟ್ಟಲೆ ಊಟ ನಿದ್ದೆ ಬಿಟ್ಟು ಕಟ್ಟಿದ್ದಾರೆ, ಗಂಡನೆಂದು ಸಿಟ್ಟೆಲ್ಲ ಅವರ ಮೇಲೆ ತೀರಿಸಿಕೊಳ್ಳಬೇಡ. ತಪ್ಪು ಅಂಕಿ ಕೊಟ್ಟವರು ನಾವು. ರೆಕ್ಕೆ ತಿದ್ದಲಿ, ಆಮೇಲೆ ಹಾರಿಸು. ನಾನೂ ಬಂದು ಚಪ್ಪಾಳೆ ತಟ್ಟುತ್ತೇನೆ, ಕಣ್ಣು ಮುಚ್ಚಿಕೊಂಡಾದರೂ.

ನನ್ನನ್ನು ಎಷ್ಟು ಬೇಕಾದರೂ ಬೈ. ಬೈಯಲು ನೀನಿರಬೇಕು, ನನಗೆ ಬೇಕಾದದ್ದು ಅಷ್ಟೇ.

ಎಂದಿನಂತೆ ಹೆದರಿಕೊಂಡೇ ಇರುವ,
ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯಬಾರದೆಂದೇ ಇದ್ದೆ, ಮನಸ್ಸು ತಡೆಯಲಿಲ್ಲ. ಜಾಲರಿಯ ವಿಷಯ ನನಗೆ ತಿಳಿದದ್ದು ಸೋಮವಾರ. ಅಂದೇ ನಿನ್ನವರನ್ನು ಕರೆಸಿ ಎಲ್ಲ ತೋರಿಸಿದೆ. ನೀವು ಹೇಳಿದ್ರೆ ಅವಳು ಕೇಳಲ್ಲ, ನಾನೇ ಹೇಳ್ತೀನಿ ಎಂದರು; ನಂಬಿ ಸುಮ್ಮನಿದ್ದೆ. ಇಂದು ಮಧ್ಯಾಹ್ನ ಫೋನ್ ಮಾಡಿ ಕೇಳಿದರೆ, ಅತಿಥಿಗಳು ಹೋದ ಮೇಲೆ ಹೇಳುತ್ತಾರಂತೆ.