ನೀನು ಒಡೆದ ಕಾಯಿ, ಅವರು ಕಂಡ ಮೊಟ್ಟೆ

ಯಾರ ಜೊತೆಗೂ ಜಗಳವಾಡದ ನನ್ನ ಅಪ್ಪನಿಗೆ,

ನಿನ್ನ ಪರವಾಗಿ ಇವತ್ತು ನಾನು ಜಗಳವಾಡಿ ಬಂದೆ. ಮಾರೇನಹಳ್ಳಿಯ ಮನೆ ಸೇರಿ ಎಷ್ಟೋ ಹೊತ್ತಾದರೂ ಮೈ ಉರಿಯುವುದು ನಿಂತಿಲ್ಲ.

ರಾಜಾಜಿನಗರದ ಮನೆಯ ಮೆಟ್ಟಿಲ ಮೇಲೆ ಕೂತು ನೀನು ಆ ಕಥೆ ಹೇಳುತ್ತಿದ್ದುದು ನೆನಪಿದೆಯಾ? ನರ್ಮದೆಯ ಕಡೆ ಎಲ್ಲೋ ಒಂದು ಬೋಳುಗುಡ್ಡ. ಹಳೆಯ ಕಾಲದ ಮೂಳೆ ಹುಡುಕಲು ಹೊರಟ ಪ್ರೊಫೆಸರರ ಜೀಪಿಗೆ ನೀನು ಡ್ರೈವರ್. ಪೂಜೆಯಿಲ್ಲದೆ ಭೂಮಿತಾಯಿಗೆ ಗುದ್ದಲಿ ತಾಗಿಸಬಾರದು ಎಂದು ಹಠ ಹಿಡಿದೆ. ಗುದ್ದಲಿ, ಪಿಕಾಸಿಗಳಿಗೆ ಕುಂಕುಮವಿಟ್ಟು, ಅಲ್ಲೇ ಬಿದ್ದಿದ್ದ ಒಂದು ಗುಂಡುಕಲ್ಲಿನ ಮೇಲೆ ಕಾಯಿ ಒಡೆದೆ. ಕಾಯಿಯ ಜೊತೆ ಕಲ್ಲೂ ಒಡೆಯಿತು! "ಒಳಗೆ ಚಿಪ್ಪು ಕಾಣಿಸ್ತು ಕಣಮ್ಮ. ಸಾಹೇಬ್ರು ಮಣ್ಣಲ್ಲೇ ಮಂಡಿಯೂರಿ ಕೂತ್ಬಿಟ್ರು. ಡೈನೋಸಾರ್ ಮೊಟ್ಟೆ ಅಂದ್ರು," ಎಂದು ನಗುತ್ತಿದ್ದೆ. ಅವರು ಅಗೆಯಬೇಕೆಂದಿದ್ದುದು ಗುಡ್ಡದ ಆ ಬದಿಯಲ್ಲಿ. ಗೂಡುಗಟ್ಟಲೆ ಮೊಟ್ಟೆ ಸಿಕ್ಕಿದ್ದು ನೀನು ಕಾಯಿ ಒಡೆದ ಈ ಬದಿಯಲ್ಲಿ.

ನಾಗರಬಾವಿಯಲ್ಲಿ ಆ ಗುಡ್ಡದ ಇತಿಹಾಸದ ಪ್ರದರ್ಶನ ಎಂದು ಕೇಳಿ ಇವತ್ತು ಓಡಿದೆ. ಗಾಜಿನ ಪೆಟ್ಟಿಗೆಯೊಳಗೆ ನಿನ್ನ ಮೊಟ್ಟೆ! ಪಕ್ಕದ ಫಲಕದಲ್ಲಿ ಏನು ಬರೆದಿದ್ದರು ಗೊತ್ತಾ? 'ಪ್ರೊಫೆಸರರ ಸೂಕ್ಷ್ಮದೃಷ್ಟಿಗೆ ಬಿದ್ದ ಮೊದಲ ಮೊಟ್ಟೆ. ಕೂಲಿಯವನೊಬ್ಬನ ಅಜಾಗರೂಕತೆಯಿಂದ ಒಡೆದಿದೆ.'

ಕೂಲಿಯವನೊಬ್ಬ! ಹೆಸರಿಲ್ಲ, ಊರಿಲ್ಲ. ಕೀರ್ತಿ ಅವರಿಗೆ, ತಪ್ಪು ಮಾತ್ರ ನಿನ್ನ ತಲೆಗೆ. ಉಂಡೂ ಹೋದ ಕೊಂಡೂ ಹೋದ ಎನ್ನುವುದು ಇದಕ್ಕೇ ಅಲ್ಲವಾ?

"ಸಾರ್, ಅದು ನಮ್ಮಪ್ಪ. ಅವ್ರು ಒಡೀದೇ ಇದ್ದಿದ್ರೆ ನಿಮಗೆ ಈ ಮೊಟ್ಟೆನೇ ಸಿಗ್ತಿರ್ಲಿಲ್ಲ," ಎಂದೆ ಅಲ್ಲಿನ ಉಸ್ತುವಾರಿಯವನಿಗೆ.

"ಆಂಟಿ, ರೆಕಾರ್ಡ್‌ನಲ್ಲಿ ಹಂಗೇ ಇದೆ, ನಾವೇನ್ ಮಾಡೋಕಾಗುತ್ತೆ? ಪ್ರಸಾದ ತಗೊಳ್ಳಿ," ಎಂದು ನನ್ನ ಕೈಗೆ ಕಾಯಿಚೂರು ಇಟ್ಟ. ಬೆಳಿಗ್ಗೆ ಬಾಗಿಲಲ್ಲಿ ಕಾಯಿ ಒಡೆದಿದ್ದರಂತೆ. ಅವರು ಒಡೆದರೆ ಉದ್ಘಾಟನೆ, ನೀನು ಒಡೆದರೆ ಅಜಾಗರೂಕತೆಯಾ ಅಪ್ಪ? ನಾನು ಕೂಗಾಡಿದೆ. ಬಂದಿದ್ದ ಜನರೆಲ್ಲ ತಿರುಗಿ ನೋಡಿದರು.

ನೀನಿದ್ದಿದ್ದರೆ "ಬಿಡಮ್ಮ, ಮೊಟ್ಟೆ ಸಿಕ್ತಲ್ಲ, ಸಾಕು" ಎನ್ನುತ್ತಿದ್ದೆ. ಬಿಡಬೇಕಂತೆ! ಮಗಳಾದ ನಾನೂ ಬಿಟ್ಟರೆ ಇನ್ನು ಯಾರು...

ನಿನಗೆ ಗೊತ್ತಿಲ್ಲದ ಒಂದು ಸುದ್ದಿ ಹೇಳಲಾ? ಮೊಟ್ಟೆಯ ಒಡೆದ ಬದಿಯನ್ನೇ ಜನರಿಗೆ ಕಾಣುವಂತೆ ಇಟ್ಟಿದ್ದಾರೆ. ಚಿಪ್ಪು ಕಾಣುವುದು ಅಲ್ಲಿ ಮಾತ್ರ; ಹಿಂದಿನಿಂದ ನೋಡಿದರೆ ಅದು ಬರೀ ಗುಂಡುಕಲ್ಲು. ಎಲ್ಲರೂ ಫೋಟೋ ತೆಗೆಯುವುದು ನೀನು ಒಡೆದ ಜಾಗವನ್ನೇ.

ನಾಳೆ ಮತ್ತೆ ಹೋಗುತ್ತೇನೆ. ಪೆಟ್ಟಿಗೆಯ ಪಕ್ಕ ನಿಂತು ಬಂದವರಿಗೆಲ್ಲ ನಿನ್ನ ಹೆಸರು ಹೇಳುತ್ತೇನೆ. ಹೊರಗೆ ಹಾಕಿದರೆ ಬಾಗಿಲಲ್ಲಿ ನಿಂತು ಹೇಳುತ್ತೇನೆ. ಕೈಯಲ್ಲಿ ಒಂದು ಇಡೀ ತೆಂಗಿನಕಾಯಿ ಇರುತ್ತದೆ.

ನಿನ್ನ ಜಗಳಗಂಟಿ ಮಗಳು